ಸೋಲುವ ವಿದ್ಯೆ

ಬಿಳಿ ಕಾಯಿ ಜಾರುತ್ತಾ ಬಂದು ಕೇರಂ ಬೋರ್ಡಿನ ಗುಂಡಿಯ ಅಂಚಿನಲ್ಲಿ ನಿಂತಿತು. ಇನ್ನೊಂದು ಕೂದಲೆಳೆಯಷ್ಟು ಮುಂದೆ ಬಂದಿದ್ದರೆ ಬಲೆಯೊಳಗೆ ಬೀಳುತ್ತಿತ್ತು. ಈಗಲೂ ಊದಿದರೆ ಸಾಕಿತ್ತು. ಬಿಳಿ ಕಾಯಿಗಳು ಆಟದ ಟೀಚರದು. ಹೊಡೆದವಳು ಎದುರಿಗೆ ಕೂತಿದ್ದ ಎಂಟು ವರ್ಷದ ಹುಡುಗಿ, ಅವಳವು ಕರಿ. ತನ್ನ ಕರಿ ಕಾಯಿಗೇ ಗುರಿ ಇಟ್ಟಿದ್ದಳು, ಸ್ಟ್ರೈಕರ್ ಅದನ್ನು ಸವರಿಕೊಂಡು ಹೋಗಿ ಟೀಚರ ಕಾಯಿಗೆ ತಗುಲಿತ್ತು. "ಅಯ್ಯೋ, ತಪ್ಪೋಯ್ತು," ಎಂದು ಹುಡುಗಿ ಕೈ ಹಿಂದಕ್ಕೆ ಎಳೆದುಕೊಂಡಳು.

ಬೇರೆ ಯಾರಾದರೂ ಆಗಿದ್ದರೆ ಆ ಕಾಯಿಯನ್ನು ಬೀಳಿಸಿ ಮೀಸೆ ತಿರುವುತ್ತಿದ್ದರು. ಟೀಚರಿಗೆ ಮಾತ್ರ ಪೇಚಿಗಿಟ್ಟುಕೊಂಡಿತು. ಯಾಕೆಂದರೆ ಆ ಕೋಣೆಯಲ್ಲಿ ದೊಡ್ಡವರು ಗೆಲ್ಲುವಂತಿಲ್ಲ. ಎಳೆಯ ವಯಸ್ಸಿನಲ್ಲೇ ನೋಡಬಾರದ್ದನ್ನು ನೋಡಿದ, ತಿನ್ನಬಾರದ ಏಟು ತಿಂದ ಮಕ್ಕಳನ್ನು ಆಟದ ಮೂಲಕ ಚೇತರಿಸಿಕೊಳ್ಳುವಂತೆ ಮಾಡುವ ಕೇಂದ್ರ ಅದು. ಮದ್ದಿಲ್ಲ, ಉಪದೇಶವಿಲ್ಲ. ಚೆಂಡು, ಹಗ್ಗ, ಮರಳಿನ ತೊಟ್ಟಿ, ಬಡಿದಷ್ಟೂ ಬಡಿಸಿಕೊಳ್ಳುವ ಒಂದು ಡೋಲು, ಕಿಟಕಿ ಪಕ್ಕದಲ್ಲಿ ಈ ಕೇರಂ ಬೋರ್ಡು. ಕೇಂದ್ರವನ್ನು ನಡೆಸುವ ಡಾಕ್ಟರಮ್ಮ ಹೊಸದಾಗಿ ಸೇರಿದವರಿಗೆಲ್ಲ ಮೊದಲ ದಿನವೇ ಹೇಳುವ ಮಾತು ಒಂದೇ. ಈ ಮಕ್ಕಳು ಹುಟ್ಟಿದಾಗಿನಿಂದ ದೊಡ್ಡವರ ಕೈಯಲ್ಲಿ ಸೋತಿದ್ದಾರೆ, ಇಲ್ಲಾದರೂ ಗೆಲ್ಲಲಿ.

ಸೋಲುವುದರಲ್ಲಿ ಆಟದ ಟೀಚರದು ಎತ್ತಿದ ಕೈ. ಉಳಿದವರು ಸೋತರೆ ನಾಟಕದ ರಾಜ ಸತ್ತ ಹಾಗಿರುತ್ತಿತ್ತು, ಮೂರು ಸಲ ಹೊರಳಾಡಿ. ಇವಳದು ಹಾಗಲ್ಲ. ಓಟದಲ್ಲಿ ಕೊನೆಯ ಗಳಿಗೆಯಲ್ಲಿ ಉಸಿರು ಕಟ್ಟುವುದು, ಚೆಂಡು ಬೆರಳ ಸಂದಿಯಲ್ಲಿ ನುಸುಳಿ ಹೋಗುವುದು, ಎಲ್ಲವೂ ನಂಬುವ ಹಾಗೆ ಆಗುತ್ತಿತ್ತು. ಹದಿನೈದು ವರ್ಷದ ಅಭ್ಯಾಸ. ಮನೆಯಲ್ಲಿ ಗಂಡ, ನೀನು ನನ್ನ ಹತ್ತಿರ ಜಗಳದಲ್ಲೊಂದು ಬಿಟ್ಟು ಬೇರೆಲ್ಲೂ ಗೆದ್ದದ್ದನ್ನು ನಾನು ಕಾಣೆ ಎಂದು ರೇಗಿಸುತ್ತಿದ್ದ. ಅವಳಿಗೆ ಅದರಲ್ಲಿ ಗುಟ್ಟಾದ ಹೆಮ್ಮೆಯೇ ಇತ್ತು.

ಈಗ ಅವಳು ಮುಖ ಸಪ್ಪಗೆ ಮಾಡಿಕೊಂಡು, ಬೆರಳು ಜಾರಿದ ಹಾಗೆ ಸ್ಟ್ರೈಕರನ್ನು ಹೊಡೆದಳು. ಸ್ಟ್ರೈಕರ್ ಕಾಯಿಯನ್ನು ಮುಟ್ಟದೆ ಅದರ ಪಕ್ಕದಿಂದ ಗುಂಡಿಗೆ ಬಿತ್ತು. ಊದಿದರೆ ಬೀಳುವ ಕಾಯಿಯನ್ನು ಬೀಳಿಸದೆ ಉಳಿಸುವುದು ಸಾಮಾನ್ಯ ಕೆಲಸವಲ್ಲ. ಹುಡುಗಿ ಅವಳ ಮುಖವನ್ನೊಮ್ಮೆ ನೋಡಿ ಕಣ್ಣು ಕೆಳಗೆ ಹಾಕಿದಳು. ಮುಂದಿನ ಸರದಿಯಲ್ಲಿ ಇನ್ನೊಂದು ಬಿಳಿ ಕಾಯಿ ಇನ್ನೊಂದು ಗುಂಡಿಯ ಅಂಚಿಗೆ ಬಂದು ನಿಂತಿತು. "ಅಯ್ಯೋ, ತಪ್ಪೋಯ್ತು."

ಆ ಶನಿವಾರದ ಆಟ ಮುಗಿಯಲೇ ಇಲ್ಲ. ಸಮಯ ಮುಗಿಯಿತು ಅಷ್ಟೆ. ಹುಡುಗಿ ಕಾಯಿಗಳನ್ನು ಡಬ್ಬಿಗೆ ತುಂಬಿ, ಬೋರ್ಡಿನ ಪೌಡರ್ ಒರೆಸಿ, ಕುರ್ಚಿಯನ್ನು ಮೊದಲಿದ್ದ ಜಾಗಕ್ಕೇ ಸರಿಸಿ, ಕೆಳಗಿನ ನಲ್ಲಿಯಲ್ಲಿ ಕೈ ತೊಳೆಯಲು ಇಳಿದು ಹೋದಳು. ಅವಳು ಬಂದು ಹೋದ ಮೇಲೆ ಕೋಣೆಯಲ್ಲಿ ಮಗುವೊಂದು ಆಡಿದ ಗುರುತೇ ಉಳಿಯುತ್ತಿರಲಿಲ್ಲ.

ಆಚೆ ಬೆಂಚಿನ ಮೇಲೆ ಅವಳ ದೊಡ್ಡಮ್ಮ ಕಾಯುತ್ತಿದ್ದಳು. ಹುಡುಗಿಯ ತಾಯಿಯ ಅಕ್ಕ. ಶಾಲೆಯ ಯೂನಿಫಾರಂ ಹೊಲಿಯುವ ದರ್ಜಿ, ಸೀರೆಯ ಸೆರಗಿನಲ್ಲಿ ಯಾವಾಗಲೂ ಒಂದೆರಡು ನೂಲಿನ ತುಂಡು ಅಂಟಿರುತ್ತಿದ್ದವು. ಹೋದ ವರ್ಷ ಹುಡುಗಿಯ ತಂದೆ ತಾಯಿಯನ್ನು ಹೊಡೆದು ಕೊಂದ. ಅವನು ಜೈಲಿಗೆ ಹೋದ, ಹುಡುಗಿ ದೊಡ್ಡಮ್ಮನ ಮನೆಗೆ ಬಂದಳು. ಕಂಡವರೆಲ್ಲ ಬಂಗಾರದಂಥ ಮಗು ಅನ್ನುತ್ತಿದ್ದರು. ಆ ಬಂಗಾರವೇ ದೊಡ್ಡಮ್ಮನ ನಿದ್ದೆ ಕೆಡಿಸಿತ್ತು. ತನ್ನ ಸ್ವಂತ ಮಗಳು ಪೆನ್ಸಿಲ್ ಕಿತ್ತುಕೊಂಡರೆ ಇವಳು ರಬ್ಬರನ್ನೂ ಕೊಡುತ್ತಾಳೆ, ತಟ್ಟೆಗೆ ಹಾಕಿದ್ದನ್ನಷ್ಟೇ ತಿನ್ನುತ್ತಾಳೆ, ಚಪ್ಪಲಿ ಕಚ್ಚಿ ಕಾಲು ಹುಣ್ಣಾದರೂ ಬಾಯಿ ಬಿಡುವುದಿಲ್ಲ. ದೊಡ್ಡಮ್ಮ ಇದನ್ನೆಲ್ಲ ಪ್ರತಿ ವಾರ ಹೇಳುತ್ತಿದ್ದಳು. ಅವತ್ತು ಹೇಳಿದ್ದು ಬೇರೆ.

"ಒಂದು ಹಟ ಮಾಡ್ಲಿ ಟೀಚರ್, ನಾನು ಬದುಕ್ತೀನಿ. ಇಷ್ಟು ದಿನದಲ್ಲಿ ಒಂದು ಲೋಟ ನೀರು ಕೊಡು ಅಂದಿಲ್ಲ. ನಂದೂ ನನ್ನ ತಂಗೀದೇ ಮುಖ. ನನ್ನ ನೋಡಿದ್ರೆ ಅವಳಿಗೆ ಭಯ ಅನ್ಸುತ್ತೆ. ನನ್ನ ನೋಡಿ ಹೆದರೋ ಮಗೂನ ನಾನು ಹೇಗೆ ಸಾಕ್ಲಿ?"

ಹೆಣ್ಣುಮಕ್ಕಳ ಹಾಸ್ಟೆಲೊಂದನ್ನು ವಿಚಾರಿಸಿದ್ದೇನೆ, ಮುಂದಿನ ವಾರ ಕಳೆದು ಸೋಮವಾರ ಕರೆದುಕೊಂಡು ಬನ್ನಿ ಅಂದಿದ್ದಾರೆ ಎಂದು ಆಮೇಲೆ ಮೆಲ್ಲಗೆ ಹೇಳಿದಳು. ಹೇಳುವಾಗ ಸೆರಗಿನ ನೂಲನ್ನು ಕಿತ್ತು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಕೆಟ್ಟವಳಲ್ಲ, ಕೈಲಾಗದೆ ಸೋತವಳು. ಟೀಚರಿಗೆ ಬೇಡ ಅನ್ನಲು ಬಾಯಿ ಬರಲಿಲ್ಲ. ಐದು ತಿಂಗಳಿಂದ ತನ್ನಿಂದಲೂ ಆ ಮಗುವನ್ನು ಒಂದು ಆಟದಲ್ಲಿ ಗೆಲ್ಲಿಸಲಾಗಿರಲಿಲ್ಲ.

ಅವರು ಹೋದ ಮೇಲೆ ಅವಳು ಕೋಣೆಗೆ ಹಿಂದಿರುಗಿದಳು. ಕಿಟಕಿಯ ಬಿಸಿಲು ಇನ್ನೂ ಬೋರ್ಡಿನ ಮೇಲಿತ್ತು. ಸುಮ್ಮನೆ, ಮನಸ್ಸು ಬೇರೆಲ್ಲೋ ಇಟ್ಟುಕೊಂಡು, ಎರಡು ಕಾಯಿ ತೆಗೆದು ಬೋರ್ಡಿನ ಮೇಲಿಟ್ಟಳು. ಹುಡುಗಿ ಹೊಡೆದ ಜಾಗದಿಂದಲೇ ಹೊಡೆದು ಬಿಳಿ ಕಾಯಿಯನ್ನು ಗುಂಡಿಯ ಅಂಚಿಗೆ ತರಲು ನೋಡಿದಳು. ಕಾಯಿ ಗುಂಡಿಗೆ ಬಿತ್ತು. ಮತ್ತೆ ಹೊಡೆದಳು, ಅರ್ಧ ದಾರಿಯಲ್ಲಿ ನಿಂತಿತು. ಇನ್ನೊಮ್ಮೆ ಹೊಡೆದರೆ ಅಂಚಿಗೆ ಬಡಿದು ವಾಪಸ್ಸು ಬಂತು. ಆಮೇಲೆ ಹಟ ಹತ್ತಿತು. ಕುರ್ಚಿ ಎಳೆದುಕೊಂಡು ಕೂತು, ಬೆರಳ ಉಗುರು ನೋಯುವ ತನಕ ಹೊಡೆದಳು. ಕಾಯಿಯನ್ನು ಬೀಳಿಸುವುದು ಬಂತು, ಬಿಡುವುದು ಬಂತು. ಅಂಚಿನಲ್ಲಿ ನಿಲ್ಲಿಸುವುದು ಮಾತ್ರ ಬರಲೇ ಇಲ್ಲ.

ಆಗ ಅವಳಿಗೆ ಹೊಳೆಯಿತು. ಆ ಪುಟ್ಟ ಬೆರಳುಗಳಿಗೆ ಹಿಡಿತವಿಲ್ಲ, ಗುರಿ ಸಾಲದು ಎಂದು ಡಾಕ್ಟರಮ್ಮನ ಮುಂದೆ ಹೇಳಿದವಳು ತಾನೇ. ಹಿಡಿತವಿಲ್ಲದ ಕೈ ಒಂದು ಸಲ ಅಂಚಿಗೆ ತಂದೀತು, ಎರಡು ಸಲ ತಂದೀತು. ಪ್ರತಿ ಶನಿವಾರ, ಪ್ರತಿ ಗುಂಡಿಗೆ, ಎದುರಾಳಿಯ ಕಾಯಿಯನ್ನು ಅಂಚಿನವರೆಗೆ ತಂದು ಬಿಟ್ಟು, ತನ್ನ ಕಾಯಿಯನ್ನು ಬೆರಳಗಲ ಹಿಂದೆಯೇ ನಿಲ್ಲಿಸಿ, ಮೇಲೆ "ತಪ್ಪೋಯ್ತು" ಎಂದು ಬೇರೆ ಹೇಳುವ ಕೈ ಎಂಥ ಕೈ! ಟೀಚರ್ ಹಾಗೇ ಕೂತುಬಿಟ್ಟಳು. ಹೆದರಿಕೆಯೋ, ಭಕ್ತಿಯೋ, ಅವಳಿಗೇ ತಿಳಿಯಲಿಲ್ಲ. ತಾನು ಚಾಪೆ ಕೆಳಗೆ ತೂರಿದರೆ ಈ ಮಗು ರಂಗೋಲಿ ಕೆಳಗೆ ತೂರಿತ್ತು. ಇಬ್ಬರೂ ಸೋಲಲೆಂದೇ ಆಡುವ ಆಟ ಮುಗಿಯುವುದಾದರೂ ಹೇಗೆ ಎಂದುಕೊಂಡು ಅವಳಿಗೆ ನಗು ಬಂತು, ನಗು ಅರ್ಧದಲ್ಲೇ ನಿಂತಿತು. ಇಂಥ ವಿದ್ಯೆಯನ್ನು ಯಾವ ಮಗುವೂ ಖುಷಿಗೆ ಕಲಿಯುವುದಿಲ್ಲ.

ಒಂದೇ ಒಂದು ಸಲ ಹುಡುಗಿಯ ಕಾಯಿ ಬಿದ್ದದ್ದುಂಟು. ಎರಡು ತಿಂಗಳ ಹಿಂದೆ, ಟೀಚರ್ ತಾನೇ ಉಪಾಯ ಮಾಡಿ ಅವಳ ಕರಿ ಕಾಯಿಯನ್ನು ಗುಂಡಿಯ ಬಾಯಿಗೆ ತಂದಿಟ್ಟಿದ್ದಳು. ಹುಡುಗಿಯ ಸ್ಟ್ರೈಕರ್ ಎಲ್ಲಿಂದಲೋ ತಿರುಗಿ ಬಂದು ಅದಕ್ಕೆ ತಾಗಿ ಕಾಯಿ ಬಿತ್ತು. ಟೀಚರ್ ಚಪ್ಪಾಳೆ ತಟ್ಟಿ, ನೀನು ಗೆದ್ದೆ, ಗೆದ್ದೆ ಎಂದು ಕೂಗಿದಳು. ಹುಡುಗಿ ಎದ್ದು ಬಾಗಿಲಿಗೆ ಓಡಿದಳು, ಸ್ವಲ್ಪ ಹೊತ್ತಿಗೆ ಹಿಂದಿರುಗಿ ಕೂತಳು. ಗೆದ್ದ ಸುದ್ದಿಯನ್ನು ದೊಡ್ಡಮ್ಮನಿಗೆ ಹೇಳಲು ಓಡಿದಳೆಂದು ಟೀಚರ್ ವಾರವೆಲ್ಲ ಬೀಗಿದ್ದಳು. ದೊಡ್ಡಮ್ಮ ಮಾತ್ರ, ನಂಗೇನೂ ಹೇಳಲಿಲ್ಲವಲ್ಲ, ಬಾಗಿಲಲ್ಲಿ ನಿಂತು ಅಡಿಯಿಂದ ಮುಡಿಯವರೆಗೆ ನನ್ನ ನೋಡಿ ಹೋದಳು ಅಂದಿದ್ದಳು. ಇದೆಲ್ಲ ಈಗ ಅರ್ಥವಾಗತೊಡಗಿತು. ಟೀಚರ್ ಕಣ್ಣೊರೆಸಿಕೊಂಡು, ತನಗೆ ತಾನೇ ಎರಡು ಬೈದುಕೊಂಡು, ಬೋರ್ಡಿಗೆ ಬಟ್ಟೆ ಮುಚ್ಚಿದಳು.

ಡಾಕ್ಟರಮ್ಮ ಮೊದಲು ಒಪ್ಪಲಿಲ್ಲ. ನಮ್ಮ ಕೈಯಲ್ಲೂ ಸೋತರೆ ಆ ಮಗು ಇನ್ನೆಲ್ಲಿ ಗೆಲ್ಲಬೇಕು ಎಂದು ಕೇಳಿದರು. ಗೆಲ್ಲೋದು ಬಿಡಿ ಡಾಕ್ಟರಮ್ಮ, ಆಡೋದಾದರೂ ಆಡಲಿ, ಇಷ್ಟು ದಿನ ನಾನೂ ಅವಳೂ ಆಡಿಯೇ ಇಲ್ಲ ಎಂದಳು ಟೀಚರ್. ಬೇಕೆಂದೇ ಸೋಲುವುದನ್ನು ಬಿಟ್ಟು ನೆಟ್ಟಗೆ ಆಡುತ್ತೇನೆ, ದೊಡ್ಡಮ್ಮನನ್ನು ಒಳಗೇ ಕೂರಿಸಿಕೊಳ್ಳುತ್ತೇನೆ, ಮಗುವಿನ ಕಣ್ಣಿಗೆ ಅವರು ಕಾಣುತ್ತಲೇ ಇರಲಿ ಎಂದು ಕೇಳಿಕೊಂಡಳು. ಡಾಕ್ಟರಮ್ಮ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಆಗಲಿ ಅಂದರು.

ಮುಂದಿನ ಶನಿವಾರ ದೊಡ್ಡಮ್ಮ ಮೊದಲ ಸಲ ಆ ಕೋಣೆಯೊಳಗೆ ಬಂದು, ಎಲ್ಲಿ ಮುರಿದೀತೋ ಎಂಬ ಹಾಗೆ ಅಂಜುತ್ತಾ ಕಿಟಕಿ ಪಕ್ಕದ ಮಕ್ಕಳ ಕುರ್ಚಿಯಲ್ಲಿ ಕೂತಳು. ಹುಡುಗಿ ಒಂದು ಸಲ ಅವಳ ಕಡೆ, ಒಂದು ಸಲ ಟೀಚರ ಕಡೆ ನೋಡಿ ಬೋರ್ಡಿನ ಮುಂದೆ ಕೂತಳು. ಆಟ ಶುರುವಾಯಿತು. ಎಂದಿನಂತೆ ಬಿಳಿ ಕಾಯಿ ಗುಂಡಿಯ ಅಂಚಿಗೆ ಬಂದು ನಿಂತಿತು. ಟೀಚರ್ ಅದನ್ನು ಬೀಳಿಸಿದಳು. ಇನ್ನೊಂದು ಬಂತು, ಅದನ್ನೂ ಬೀಳಿಸಿದಳು. ಹುಡುಗಿಯ ಹುಬ್ಬು ಸ್ವಲ್ಪವೇ ಮೇಲೇರಿತು.

ಟೀಚರ್ ಸ್ಟ್ರೈಕರನ್ನು ಕೆಳಗಿಟ್ಟಳು. ತಾನು ಇಷ್ಟು ದಿನ ಬೇಕೆಂದೇ ಸೋಲುತ್ತಿದ್ದೆ, ಇವತ್ತಿನಿಂದ ಇಲ್ಲ, ಇವತ್ತು ನಿಜವಾಗಿ ಆಡುತ್ತೇನೆ ಎಂದು ಹೇಳಿದಳು. ಹದಿನೈದು ವರ್ಷದಲ್ಲಿ ಯಾವ ಮಗುವಿಗೂ ಹೇಳದ ಮಾತು ಅದು.

"ಗೊತ್ತು," ಎಂದಳು ಹುಡುಗಿ.

"ಹೇಗೆ ಗೊತ್ತಾಯ್ತು?"

"ನೀವು ಹೊಡೆಯೋಕೆ ಮುಂಚೆನೇ ಬೇಜಾರು ಮುಖ ಮಾಡ್ತೀರ. ಹೊಡೆದ ಮೇಲೆ ಮಾಡ್ಬೇಕು. ಇಲ್ದಿದ್ರೆ ಗೊತ್ತಾಗ್ಬಿಡುತ್ತೆ."

ಅವಳ ದನಿಯಲ್ಲಿ ಕೊಂಕಿರಲಿಲ್ಲ. ಕೆಲಸ ಬಲ್ಲವರು ಕಲಿಯುವವರಿಗೆ ತಿದ್ದಿ ಹೇಳುವ ದನಿ. ಟೀಚರ ಹದಿನೈದು ವರ್ಷದ ಹೆಮ್ಮೆ ಅಲ್ಲೇ ಮಣ್ಣುಪಾಲಾಯಿತು, ಆದರೆ ಅದಕ್ಕೆ ಮರುಗುವ ಹೊತ್ತಲ್ಲ ಅದು. ಗೊತ್ತಾದರೆ ಏನಾಗುತ್ತೆ ಎಂದು ಅವಳು ಮೆಲ್ಲಗೆ ಕೇಳಿದಳು.

"ಅಪ್ಪಂಗೆ ಗೊತ್ತಾಗ್ಬಾರ್ದು. ನನ್ನ ಜೊತೆ ಆಡಿ ಸೋತ್ರೆ ಅಮ್ಮಂಗೆ ಹೊಡೀತಾರೆ. ಬಿಟ್ಟುಕೊಟ್ಟಿದ್ದು ಗೊತ್ತಾದ್ರೆ ಇನ್ನೂ ಜಾಸ್ತಿ." ಹುಡುಗಿ ಪೌಡರ್ ಮೆತ್ತಿದ ಬೆರಳಿನಿಂದ ಬೋರ್ಡಿನ ಮೇಲೆ ಗೆರೆಯೊಂದನ್ನು ಎಳೆದು ಅಳಿಸಿದಳು. ಆಮೇಲೆ, ಯಾರೂ ಕೇಳದೆಯೇ, ಗೆರೆ ಅಳಿಸಿದ ಜಾಗವನ್ನೇ ನೋಡುತ್ತಾ ಹೇಳಿದಳು: "ಆವತ್ತು ರೆಡ್ ಬಿದ್ದೋಯ್ತು. ನಾನು ಬೀಳಿಸ್ಲಿಲ್ಲ ಟೀಚರ್. ಪೌಡರ್ ಜಾಸ್ತಿ ಆಗಿತ್ತು."

ಟೀಚರಿಗೆ ಓದಿದ ಓದೆಲ್ಲ ಮರೆತುಹೋಯಿತು. ಇಂಥ ಹೊತ್ತಿನಲ್ಲಿ ಆಡಬೇಕಾದ ಮಾತುಗಳು ಅವಳಿಗೆ ಬಾಯಿಪಾಠವಿದ್ದವು. ನಿನ್ನ ತಪ್ಪಲ್ಲ ಕಂದ ಎಂಬುದು ಅವುಗಳಲ್ಲಿ ಮೊದಲನೆಯದು. ಆದರೆ ಒಂದು ವರ್ಷದಿಂದ ಆ ಪುಟ್ಟ ತಲೆ ಹೊತ್ತುಕೊಂಡು ತಿರುಗಿದ ಭಾರದ ಎದುರು ಆ ಮಾತು ಹುಲ್ಲುಕಡ್ಡಿಗಿಂತ ಹಗುರವಾಗಿ ಕಂಡಿತು.

ಎದ್ದವಳು ದೊಡ್ಡಮ್ಮ. ಅವಳು ಬಂದು ಹುಡುಗಿಯ ಪಕ್ಕ ನೆಲದ ಮೇಲೆ ಕೂತಳು. ಅಳುತ್ತಿದ್ದಳು, ಆದರೆ ಮಾತು ನೆಟ್ಟಗಿತ್ತು. ಬಟ್ಟೆಗೆ ಅಳತೆ ಹೇಳುವಾಗಿನ ಮಾತು.

"ಇಲ್ಲಿ ಕೇಳು. ನೀನು ಹುಟ್ಟೋಕೆ ಮುಂಚೆನೂ ನಿಮ್ಮಪ್ಪ ಹೊಡೀತಿದ್ದ. ಮದುವೆಯಾದ ವರ್ಷವೇ ನಿಮ್ಮಮ್ಮ ಮುರಿದ ಕೈ ಹಿಡ್ಕೊಂಡು ನಮ್ಮನೆಗೆ ಬಂದಿದ್ಲು. ಆಗ ಆ ಮನೇಲಿ ಕೇರಂ ಬೋರ್ಡೇ ಇರ್ಲಿಲ್ಲ."

ಹುಡುಗಿ ತಲೆಯೆತ್ತಿದಳು. "ಇರ್ಲಿಲ್ವಾ?"

"ಇರ್ಲಿಲ್ಲ. ನಿಂಗೆ ಮೂರು ವರ್ಷ ಆದ್ಮೇಲೆ ತಂದಿದ್ದು."

"ಮತ್ತೆ ಯಾವ ಆಟದಲ್ಲಿ ಸೋಲ್ತಿದ್ರು?"

"ಯಾವ ಆಟನೂ ಇಲ್ಲ ಕಣೇ. ಸೋಲದೇನೇ ಹೊಡೀತಿದ್ದ. ನೀನು ಗೆದ್ರೂ ಹೊಡೀತಿದ್ದ, ಸೋತ್ರೂ ಹೊಡೀತಿದ್ದ. ಅವನ ಕೈಗೆ ನಿನ್ನ ಆಟ ಬೇಕಿರ್ಲಿಲ್ಲ."

ಕೆಳಗೆ ಅಂಗಳದಲ್ಲಿ ಯಾರೋ ಮಕ್ಕಳು ಚೆಂಡಿಗಾಗಿ ಜಗಳವಾಡುತ್ತಿದ್ದರು. ಹುಡುಗಿ ಅಳಲಿಲ್ಲ. ದೊಡ್ಡಮ್ಮನನ್ನು ತಬ್ಬಿಕೊಳ್ಳಲೂ ಇಲ್ಲ. ಕಷ್ಟದ ಲೆಕ್ಕವೊಂದನ್ನು ಮೊದಲಿಂದ ಮಾಡಿ ನೋಡುವವರಂತೆ ತುಟಿ ಬಿಗಿದುಕೊಂಡು ಕೂತಳು. ಬೋರ್ಡು ಇಲ್ಲದ ಮನೆಯನ್ನು ಅವಳು ಮನಸ್ಸಿನಲ್ಲಿ ನೋಡುತ್ತಿರಬೇಕು. ಅಲ್ಲೂ ಅಮ್ಮ ಮುರಿದ ಕೈ ಹಿಡಿದುಕೊಂಡು ಬಾಗಿಲು ದಾಟುವುದನ್ನು.

ಆಮೇಲೆ ಹುಡುಗಿ ಸ್ಟ್ರೈಕರನ್ನು ಎತ್ತಿಕೊಂಡಳು. ಗೆರೆಯ ಮೇಲಿಟ್ಟು ಬೆರಳು ಮಡಿಸಿದಳು. ಕರಿ ಕಾಯಿ ಬೋರ್ಡಿನ ಉದ್ದಕ್ಕೂ ಓಡಿ ಮೂಲೆಯ ಗುಂಡಿಗೆ ಬಿತ್ತು. ಟಪ್ಪೆಂದು ಬಲೆ ತೂಗಿತು.

ತಟ್ಟನೆ ಅವಳು ದೊಡ್ಡಮ್ಮನ ಕಡೆ ತಿರುಗಿ, ಕೈ, ಮುಖ, ಕಾಲು, ಎಲ್ಲ ನೋಡಿದಳು. ದೊಡ್ಡಮ್ಮ ಇದ್ದ ಹಾಗೇ ಇದ್ದಳು. ಮೂಗು ಸೋರುತ್ತಿತ್ತು, ಸೆರಗಿನಿಂದ ಒರೆಸಿಕೊಂಡಳು. ಹುಡುಗಿ ಇನ್ನೊಂದು ಕಾಯಿ ಬೀಳಿಸಿದಳು, ಮತ್ತೆ ತಿರುಗಿ ನೋಡಿದಳು. ಮೂರನೆಯದು ಬೋರ್ಡಿನ ಪಟ್ಟಿಗೆ ಬಡಿದು, ಎರಡು ಬಿಳಿ ಕಾಯಿಗಳ ನಡುವೆ ನುಸುಳಿ ಬಂದು ಹುಡುಗಿಯ ಪಕ್ಕದ ಗುಂಡಿಗೇ ಇಳಿಯಿತು. ಟೀಚರ್ ಬಾಯಿ ತೆರೆದವಳು ಮುಚ್ಚುವುದನ್ನು ಮರೆತಳು.

ಅಂಥ ಆಟವನ್ನು ಅವಳು ಜನ್ಮದಲ್ಲಿ ಕಂಡಿರಲಿಲ್ಲ. ಕಾಯಿಗಳು ಹೇಳಿದ ಮಾತು ಕೇಳುತ್ತಿದ್ದವು. ಕೂದಲೆಳೆ ಅಂತರದಲ್ಲಿ ನಿಲ್ಲಿಸಲು ಕಲಿತ ಬೆರಳುಗಳು ಈಗ ಆ ಕೂದಲೆಳೆಯನ್ನು ದಾಟಿದ್ದವು, ಅಷ್ಟೇ. ಒಂದು ಪುಟ್ಟ ಜೀವ ತಾಯಿಯನ್ನು ಉಳಿಸಿಕೊಳ್ಳಲು, ಬೇರೆ ದಾರಿ ಕಾಣದೆ, ದಿನದಿನವೂ ಕೂಡಿಟ್ಟ ಜಾಣ್ಮೆ ಅದು. ಅದರಿಂದ ತಾಯಿ ಉಳಿಯಲಿಲ್ಲ. ಜಾಣ್ಮೆ ಮಾತ್ರ ಪೂರ್ತಿ ಉಳಿದಿತ್ತು, ಒಂದು ಚೂರೂ ಮುಕ್ಕಾಗದೆ. ಟೀಚರಿಗೆ ಎದ್ದು ನಿಂತು ಕೈ ಮುಗಿಯಬೇಕೆನಿಸಿತು. ಕೂತೇ ಇದ್ದಳು, ಮಗುವಿನ ಆಟ ಕೆಡಬಾರದೆಂದು.

ಐದನೆಯ ಕಾಯಿಗೋ ಆರನೆಯದಕ್ಕೋ ಹುಡುಗಿ ಹಿಂದಿರುಗಿ ನೋಡುವುದನ್ನು ನಿಲ್ಲಿಸಿದ್ದಳು. ಯಾವಾಗ ನಿಲ್ಲಿಸಿದಳೆಂದು ಇಬ್ಬರಿಗೂ ತಿಳಿಯಲಿಲ್ಲ. ನಾಲಿಗೆಯ ತುದಿ ತುಟಿಯ ಮೂಲೆಯಲ್ಲಿ ಇಣುಕುತ್ತಿತ್ತು. ಕುರ್ಚಿ ಬಿಟ್ಟು ಎದ್ದು, ಒಂದು ಮಂಡಿಯನ್ನು ಅದರ ಮೇಲಿಟ್ಟು, ಬೋರ್ಡಿನ ಮೇಲೆ ಬಗ್ಗಿದ್ದಳು. ಉಳಿದದ್ದು ಒಂದು ಕರಿ ಕಾಯಿ, ಮತ್ತು ನಡುವೆ ರೆಡ್.

ದೊಡ್ಡಮ್ಮ ನೋಡಲೆಂದು ತಾನೂ ಎದ್ದು ಕಿಟಕಿಯ ಬಳಿ ನಿಂತಿದ್ದಳು. ಹುಡುಗಿ ಗುರಿ ಇಟ್ಟವಳು ತಡೆದಳು. ಸ್ಟ್ರೈಕರನ್ನು ಹಿಂದಕ್ಕೆ ತೆಗೆದುಕೊಂಡು, ತಲೆಯೆತ್ತದೆ, ಹುಬ್ಬು ಗಂಟಿಕ್ಕಿ, ಸ್ವಲ್ಪ ಸಿಡುಕಿನಿಂದಲೇ ಹೇಳಿದಳು.

"ಆ ಕಡೆ ಸರ್ಕೊ ದೊಡ್ಡಮ್ಮ. ಬೆಳಕಿಗೆ ಅಡ್ಡ ನಿಂತಿದ್ದೀಯ."

ದೊಡ್ಡಮ್ಮ ಸರಿದಳು. ಬೋರ್ಡಿನ ಮೇಲಿನ ನೆರಳು ಅರ್ಧ ಹೋಯಿತು.

"ಇನ್ನೂ," ಎಂದಳು ಹುಡುಗಿ.

ದೊಡ್ಡಮ್ಮ ಇನ್ನೂ ಸರಿದಳು. ಬೆನ್ನು ಗೋಡೆಗೆ ಹತ್ತಿತು, ಸೆರಗನ್ನು ಎಳೆದು ಮೈಗೆ ಒತ್ತಿ ಹಿಡಿದುಕೊಂಡಳು, ಅದರ ನೆರಳೂ ಬೀಳದ ಹಾಗೆ. ಬಿಸಿಲು ಬೋರ್ಡನ್ನು ಪೂರ್ತಿ ತುಂಬಿತು.